ಕರಟದಲ್ಲಿ ಉಳಿದ ಅನುಮಾನ

ತೆಂಗಿನ ಕರಟಕ್ಕೆ ನಮ್ಮ ಮನೆಗಳಲ್ಲಿ ಅಂಥ ಮರ್ಯಾದೆಯೇನೂ ಇಲ್ಲ. ಕಾಯಿ ತುರಿದಾದ ಮೇಲೆ ಹಂಡೆಯ ಒಲೆಗೆ ಬೀಳುವುದೇ ಅದರ ಹಣೆಬರಹ. ಆದರೆ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಹೆಂಗಸರು ಸಾಲಾಗಿ ಕೂತು ಬೀಜ ಆರಿಸುವ ಉದ್ದನೆಯ ಹಾಲಿನಲ್ಲಿ, ಮೇಜಿಗೊಂದರಂತೆ ನಡುವೆ ಇಟ್ಟ ಕರಟಗಳು ನ್ಯಾಯಪೀಠದ ಗಾಂಭೀರ್ಯದಲ್ಲಿ ಕೂತಿದ್ದವು. ಅಲ್ಲಿಯ ಕ್ರಮ ಸರಳ: ಒಳ್ಳೆಯ ಬೀಜ ಬಲಕ್ಕೆ, ಕಪ್ಪಾದದ್ದು, ಹುಳು ಹೊಡೆದದ್ದು, ಒಡಕು, ಇವೆಲ್ಲ ಎಡಕ್ಕೆ, ಎಡವೋ ಬಲವೋ ಎಂದು ಕೈ ಒಂದು ಕ್ಷಣ ತಡೆದರೆ ಆ ಬೀಜ ಕರಟಕ್ಕೆ. ಸಂಜೆ ಎಲ್ಲ ಮೇಜಿನ ಕರಟಗಳೂ ಅಲ್ಲಿಯ ಹಿರಿಯ ಕೆಲಸಗಾರ್ತಿ ಗೌರಕ್ಕನ ಮುಂದೆ ಬರುತ್ತಿದ್ದವು. ಅವರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ಒತ್ತಿ, ಕೆಲವನ್ನು ಮೂಸಿ, ತೀರ್ಪು ಕೊಡುತ್ತಿದ್ದರು. ತಮಿಳಿನವರು, ಮಲಯಾಳದವರು, ಉರ್ದುವಿನವರು, ಎಲ್ಲರಿಗೂ ಅವರು ಗೌರಕ್ಕನೇ. ಅವರ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

ನಾನು ಮೇಲ್ಮನವಿಯ ಜಾತಿಯವಳು. ಶಾಲೆಯಿಂದ ಕಾಲೇಜಿನ ತನಕ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳಿಗೆ ಯಾವ ಮಾತೂ ಕೊನೆಯ ಮಾತಲ್ಲ. ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ ಒಂದೇ ಉಸಿರಿನಲ್ಲಿ ಮಾತಾಡಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿ, ಯಾವುದನ್ನೂ ನಂಬದೆ ಮನೆಗೆ ಬರುವ ಕಲೆ ನನಗೆ ಕರಗತ. ಹರಕೆ, ಜಾತಕ, ಹಿರಿಯರ ಅನುಭವ, ಪತ್ರಿಕೆಯ ಸುದ್ದಿ, ಯಾವುದು ಸಿಕ್ಕರೂ ‘ಆಧಾರ ಏನು?’ ಎಂದು ಕೇಳುವುದೇ ನನ್ನ ನಿತ್ಯಪೂಜೆ. ಹಾಗಾಗಿ ಗೌರಕ್ಕನ ಮೂಗಿಗೆ ಆಧಾರವೇನು ಎಂದು ಮೊದಲ ದಿನವೇ ಕೇಳಿಕೊಂಡೆ ಎಂದರೆ, ಓದುವ ಗೆಳೆಯರೇ, ನೀವು ಅಚ್ಚರಿಪಡಬೇಕಾಗಿಲ್ಲ.

ಅಲ್ಲಿ ನನಗಿದ್ದ ಕೆಲಸ ಬೀಜದ್ದಲ್ಲ, ಬೀಜ ನೋಡುವ ಯಂತ್ರದ್ದು. ಆರಿಸಿದ ಬೀಜವನ್ನು ತಟ್ಟೆಯಲ್ಲಿ ಹರಡಿ ಕ್ಯಾಮರಾದ ಕೆಳಗಿಟ್ಟರೆ, ಕಂಪ್ಯೂಟರಿಗೆ ಸಿಕ್ಕಿಸಿದ ಒಂದು ಕಾರ್ಡು ಚಿತ್ರವನ್ನು ಪರಿಶೀಲಿಸಿ ಇಷ್ಟು ಒಳ್ಳೆಯದು, ಇಷ್ಟು ಕೆಟ್ಟದ್ದು ಎಂದು ಗುರುತು ಹಾಕಿಕೊಡುತ್ತಿತ್ತು. ಮೇಜಿನವರು ಆರಿಸಿದ ಒಳ್ಳೆಯದರ ತಟ್ಟೆ, ಕೆಟ್ಟದ್ದರ ತಟ್ಟೆ, ಕೊನೆಗೆ ಗೌರಕ್ಕ ಕರಟದಿಂದ ಪಾಸು ಮಾಡಿದ ತಟ್ಟೆ, ಎಲ್ಲವನ್ನೂ ನೋಡಿ ನೋಡಿ ಯಂತ್ರ ಕಲಿಯಬೇಕು ಎಂಬುದು ಯೋಜನೆ. ಆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಲ್ಲುವ ದ್ವಿಭಾಷಿ, ಅಂದರೆ ಕಂಪ್ಯೂಟರಿನ ಕೆಲಸವನ್ನೆಲ್ಲ ಹಂಚಿ ನಡೆಸುವ ಮೂಲ ಪ್ರೊಗ್ರಾಮಾದ ಕರ್ನಲ್‌ನೊಳಗಿನ ಡ್ರೈವರ್, ನಾನು ಬರೆದದ್ದು.

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದು ಪ್ರೊಗ್ರಾಮಿಗೂ ನೆನಪಿನ ಜಾಗವೆಲ್ಲ ತನ್ನೊಬ್ಬನದೇ ಎಂಬ ಸುಖವಾದ ಭ್ರಮೆಯನ್ನು ಕರ್ನಲ್ ಕೊಟ್ಟಿರುತ್ತದೆ. ಪ್ರೊಗ್ರಾಮು ‘ನೂರನೇ ಮನೆ’ ಎಂದು ಕರೆಯುವುದು ನಿಜವಾಗಿ ಎಲ್ಲಿದೆ ಎಂಬುದು ಕರ್ನಲ್ ಇಟ್ಟುಕೊಂಡ ಪಟ್ಟಿಗೆ ಮಾತ್ರ ಗೊತ್ತು. ಇನ್ನೊಂದು ಪ್ರೊಗ್ರಾಮಿನ ನೂರನೇ ಮನೆ ಬೇರೆಲ್ಲೋ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಕಾರ್ಡಿನಂಥ ಹೊರಗಿನ ಯಂತ್ರಕ್ಕೆ ಈ ಪಟ್ಟಿ ಕಾಣುತ್ತಿರಲಿಲ್ಲ. ಡ್ರೈವರ್ ಒಂದಿಷ್ಟು ಜಾಗಕ್ಕೆ ಬೀಗ ಜಡಿದು, ಅದರ ನಿಜವಿಳಾಸವನ್ನು ಕಾರ್ಡಿಗೆ ಕೊಟ್ಟು, ಅದು ಬರೆದದ್ದನ್ನು ನಕಲು ಮಾಡಿ ಪ್ರೊಗ್ರಾಮಿಗೆ ತಲುಪಿಸಬೇಕಾಗಿತ್ತು. ಹೊಸ ಪದ್ಧತಿಯಲ್ಲಿ ಪ್ರೊಗ್ರಾಮಿನ ಪಟ್ಟಿಯನ್ನೇ ಕಾರ್ಡಿನ ಮುಂದೆ ಬಿಚ್ಚಿಡುತ್ತಾರೆ. ಪ್ರೊಗ್ರಾಮಿಗೊಂದು ನಂಬರು, ‘ಇಷ್ಟನೇ ನಂಬರಿನವರ ನೂರನೇ ಮನೆ’ ಎಂದರೆ ಸಾಕು, ಕಾರ್ಡು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ನಕಲಿಲ್ಲ, ಬೀಗವಿಲ್ಲ, ದಲ್ಲಾಳಿಯಿಲ್ಲ. ಇಬ್ಬರೂ ಒಂದೇ ಹೆಸರಿನಿಂದ ಒಂದೇ ಜಾಗವನ್ನು ಕರೆಯುತ್ತಾರೆ. ಇದರ ಚೆಲುವಿಗೆ ನಾನು ಮರುಳಾಗಿದ್ದೆ. ಮನುಷ್ಯರ ನಡುವೆ ಎಂದೂ ಆಗದ ಸಂಗತಿಯೊಂದು ಸಿಲಿಕಾನಿನಲ್ಲಿ ಆಗಿಹೋಗಿದೆ ಎಂದು ಮ್ಯಾನೇಜರ ಮುಂದೆ ಭಾಷಣವನ್ನೇ ಬಿಗಿದಿದ್ದೆ.

ಮೂರು ವಾರ ಕಳೆಯುವಷ್ಟರಲ್ಲಿ ಯಂತ್ರ ಒಂದು ದೂರು ಹೇಳಿತು. ಗೌರಕ್ಕ ಪಾಸು ಮಾಡಿದ ತಟ್ಟೆಗಳ ಚಿತ್ರದಲ್ಲಿ ಕಪ್ಪು ಬೀಜ, ಹುಳು ತೂತಿನ ಬೀಜ ಧಾರಾಳವಾಗಿ ಕಾಣುತ್ತಿದ್ದವು. ಒಂದು ದಿನವಲ್ಲ, ವಾರಕ್ಕೆ ಎರಡು ಮೂರು ದಿನ. ಬೇರೆ ಯಾವ ಮೇಜಿನ ಮೇಲೂ ಇಂಥ ತಕರಾರಿಲ್ಲ. ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ಗೌರಕ್ಕನನ್ನು ಆಫೀಸಿಗೆ ಕರೆಸಿ, ಕುರ್ಚಿ ಕೊಟ್ಟು, ಪರದೆಯ ಮೇಲೆ ಚಿತ್ರ ತೋರಿಸಿದರು. ಗೌರಕ್ಕ ಬಹಳ ಹೊತ್ತು ನೋಡಿದರು. ಇದು ನನ್ನ ತಟ್ಟೆಯಲ್ಲ, ಇಂಥ ಬೀಜ ಕರಟದವರೆಗೆ ಬರುವುದೇ ಇಲ್ಲ, ನಿನ್ನೆ ಮೊನ್ನೆ ಸೇರಿದ ಹುಡುಗಿಯೂ ಇದನ್ನು ಎಡಕ್ಕೆ ತಳ್ಳುತ್ತಾಳೆ ಎಂದರು. ಯೋಚಿಸಿ ನೋಡಿ, ಇದಕ್ಕಿಂತ ಗಟ್ಟಿಯಾದ ವಾದ ಯಾವುದಿದೆ? ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿದ್ದರೆ ಆ ಮಾತಿಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಆ ದಿನ ನಾನು ಸ್ಪರ್ಧಿ.

“ಗೌರಕ್ಕ, ಮನುಷ್ಯರಿಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಇರಬಹುದು. ಕ್ಯಾಮರಾಕ್ಕೆ ನಿಮ್ಮ ಮೇಲೆ ಏನು ದ್ವೇಷ?” ಎಂದೆ.

ಮ್ಯಾನೇಜರ ಮುಖದಲ್ಲಿ ಸಣ್ಣ ನಗು ಹಾದುಹೋಯಿತು. ಸಭೆ ನನ್ನದಾಯಿತು ಎಂದು ತಿಳಿಯುವ ಆ ಕ್ಷಣ ನನಗೆ ಚೆನ್ನಾಗಿ ಪರಿಚಿತ. ಎದುರಾಳಿಯ ಭುಜ ಒಂದು ಬೆರಳಿನಷ್ಟು ಇಳಿಯುತ್ತದೆ. ಗೌರಕ್ಕನ ಭುಜವೂ ಇಳಿಯಿತು. ವಯಸ್ಸು, ಕಣ್ಣಿನ ಪೊರೆ, ಹಾಲಿನ ಮಂದ ಬೆಳಕು ಎಂದು ನಾನೇ ಅವರ ಪರವಾಗಿ ಮೂರು ನೆಪಗಳನ್ನೂ ಉದಾರವಾಗಿ ಒದಗಿಸಿದೆ. ಯಾರೂ ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ಕರಟಗಳು ಮಾತ್ರ ಮರುದಿನದಿಂದ ಅವರ ಮುಂದೆ ಹೋಗಲಿಲ್ಲ, ನೇರವಾಗಿ ಕ್ಯಾಮರಾದ ಕೆಳಗೆ ಹೋದವು. ಗೌರಕ್ಕ ಎಲ್ಲರ ಹಾಗೆ ಒಂದು ಮೇಜಿನ ತುದಿಯಲ್ಲಿ ಕೂತರು. ಹತ್ತು ದಿನ ಕೂತರು. ಆ ಹತ್ತು ದಿನದಲ್ಲಿ ಅವರ ಕೈ ನಿಧಾನವಾಯಿತು, ತಡೆಯಿತು. ಅವರ ಮೇಜಿನ ಕರಟ ಮಧ್ಯಾಹ್ನದೊಳಗೆ ತುಂಬತೊಡಗಿತು. ಪಕ್ಕದಲ್ಲಿ ಕೂರುತ್ತಿದ್ದ ನಬೀಸಾ, “ಏನಕ್ಕಾ, ಎಲ್ಲಾ ಬೀಜಾನೂ ಕರಟಕ್ಕೇ ಹಾಕಿದ್ರೆ ಮೇಜಿಗೇನು ಉಳೀತದೆ?” ಎಂದು ತಮಾಷೆ ಮಾಡಿದ್ದಳಂತೆ. ಹನ್ನೊಂದನೆಯ ದಿನ ಗೌರಕ್ಕ ಬರಲಿಲ್ಲ. ಕೊಡ್ಲಿಪೇಟೆ ಹತ್ತಿರದ ತಂಗಿಯ ಮನೆಗೆ ಹೋದರು ಎಂದು ತಿಳಿಯಿತು.

ಸತ್ಯ ಸಿಕ್ಕಿದ್ದು ಒಂದು ಕೆಂಪು ಗೆರೆಯಲ್ಲಿ. ಕೆಟ್ಟ ಬೀಜದ ತಟ್ಟೆಗಳ ಅಂಚಿಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಒಳ್ಳೆಯದರ ತಟ್ಟೆಗೆ ಬಣ್ಣವಿಲ್ಲ. ಯಂತ್ರ ಚಿತ್ರದ ಅಂಚನ್ನು ಕತ್ತರಿಸಿಬಿಡುವುದರಿಂದ ಈ ಗುರುತು ಯಾರಿಗೂ ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಳೆಯ ಚಿತ್ರಗಳನ್ನು ತಿರುವಿ ಹಾಕುತ್ತಿದ್ದಾಗ, ‘ಗೌರಕ್ಕ ಪಾಸು ಮಾಡಿದ್ದು’ ಎಂಬ ತಲೆಬರಹದ ಕೆಳಗೆ, ತಟ್ಟೆ ಸ್ವಲ್ಪ ಓರೆಯಾಗಿ ಇಟ್ಟಿದ್ದರಿಂದ ಕತ್ತರಿಗೆ ಸಿಗದೆ ಉಳಿದ ಒಂದು ಕೆಂಪು ಚೂರು ಕಂಡಿತು. ಅದು ಅವರ ತಟ್ಟೆಯೇ ಅಲ್ಲ. ಅವರು ಆ ದಿನ ಆಫೀಸಿನಲ್ಲಿ ಹೇಳಿದ್ದೂ ಅದನ್ನೇ.

ತಪ್ಪು ನನ್ನ ಡ್ರೈವರಿನದು. ಪ್ರೊಗ್ರಾಮಿಗೊಂದು ನಂಬರು ಎಂದೆನಲ್ಲ, ಇಲ್ಲಿ ಮೇಜಿಗೊಂದು ಪ್ರೊಗ್ರಾಮು ಇತ್ತು. ಸಂಜೆ ಮೇಜುಗಳ ಪ್ರೊಗ್ರಾಮು ಒಂದೊಂದಾಗಿ ಮುಚ್ಚಿದಾಗ ಅವುಗಳ ನಂಬರು ಖಾಲಿಯಾಗುತ್ತಿತ್ತು. ಕರಟಗಳ ತೀರ್ಪು ಎಲ್ಲ ಮೇಜಿನ ಕೆಲಸ ಮುಗಿದ ಮೇಲೆ ಅಲ್ಲವೆ? ಹಾಗಾಗಿ ಗೌರಕ್ಕನ ತಟ್ಟೆಯ ಪ್ರೊಗ್ರಾಮು ಯಾವಾಗಲೂ ಕೊನೆಗೆ ತೆರೆಯುತ್ತಿತ್ತು, ಆಗ ತಾನೇ ಖಾಲಿಯಾದ ನಂಬರು ಅದಕ್ಕೆ ಸಿಗುತ್ತಿತ್ತು. ಆದರೆ ಕಾರ್ಡಿನ ಕೈಯಲ್ಲಿ ಹಳೆಯ ಮೇಜಿನ ಕೊನೆಯ ಕೆಲಸ, ಅಂದರೆ ಕೆಟ್ಟ ಬೀಜದ ಚಿತ್ರ, ಇನ್ನೂ ಬಾಕಿ ಇರುತ್ತಿತ್ತು. ಅದು ತಡವಾಗಿ, ಪ್ರಾಮಾಣಿಕವಾಗಿ, ತನಗೆ ಹೇಳಿದ ನಂಬರಿನ ಹೇಳಿದ ಮನೆಗೇ ಬಂದು, ಅಲ್ಲಿದ್ದ ಒಳ್ಳೆಯ ಚಿತ್ರದ ಮೇಲೆ ತನ್ನ ಚಿತ್ರವನ್ನು ಬರೆದು ಹೋಗುತ್ತಿತ್ತು. ಮನೆಯಲ್ಲಿ ಒಕ್ಕಲು ಬದಲಾದ ಸುದ್ದಿ ಅದಕ್ಕೆ ಯಾರೂ ಹೇಳಿರಲಿಲ್ಲ. ಎಲ್ಲರೂ ನಂಬಿ ಕೊನೆಯ ಮಾತು ಬಿಟ್ಟುಕೊಟ್ಟಿದ್ದು ಅವರೊಬ್ಬರಿಗೆ. ಕೊನೆಯವರಾಗಿದ್ದಕ್ಕೇ ಈ ಕಳಂಕ ಬಂದದ್ದೂ ಅವರೊಬ್ಬರಿಗೆ.

ನನ್ನ ತಾತನಿಗೆ ಇದು ಗೊತ್ತಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅವರು ಹುದಿಕೇರಿ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದರು. ಕೂಲಿಯವರ ಲೈನ್‌ಮನೆಗಳಿಗೆ ಆಗಷ್ಟೇ ನಂಬರು ಬರೆಸಿದ್ದರಂತೆ. ಊರಿಂದ ಬರುವ ಕಾಗದಗಳ ಮೇಲೆ ‘ಲಕ್ಷ್ಮಿ, ಏಳನೇ ಲೈನು’ ಎಂದಿದ್ದರೆ ಸಾಕಾಗಿತ್ತು. ಒಮ್ಮೆ ಏಳನೇ ಲೈನಿನ ಲಕ್ಷ್ಮಿ ಸಂಸಾರ ಸಮೇತ ಊರಿಗೆ ಹೋದಳು. ಎರಡೇ ದಿನಕ್ಕೆ ಅದೇ ಮನೆಗೆ ಇನ್ನೊಬ್ಬ ಲಕ್ಷ್ಮಿ ಬಂದಳು. ಮೂರನೇ ದಿನ ಹಳೆಯ ಲಕ್ಷ್ಮಿಗೆ ಬರೆದ, ತಾಯಿ ತೀರಿಕೊಂಡಳೆಂಬ ಕಾಗದವನ್ನು ತಾತನೇ ಹೊಸ ಲಕ್ಷ್ಮಿಗೆ ಓದಿ ಹೇಳಿಬಿಟ್ಟರು. ಬದುಕಿದ್ದ ತಾಯಿಗಾಗಿ ಅವಳು ಒಂದು ಹಗಲು ಪೂರ್ತಿ ಅತ್ತಳಂತೆ. ಅಂದಿನಿಂದ ತಾತ ಒಂದು ನೇಮ ಮಾಡಿಕೊಂಡರು: ಒಂದು ಸಂಸಾರ ಲೈನು ಬಿಟ್ಟರೆ, ಟಪಾಲಿನವನು ಇನ್ನೊಂದು ಸಲ ಬಂದುಹೋಗುವವರೆಗೆ ಆ ಬಾಗಿಲಿಗೆ ಬೀಗ. ಹೊಸಬರು ಅಲ್ಲಿಯತನಕ ಜಗಲಿಯಲ್ಲೇ ಮಲಗಲಿ, ಎಸ್ಟೇಟಿನ ದೊರೆ ಬೇಕಾದರೆ ಬಯ್ಯಲಿ. ಈ ಕಥೆಯನ್ನು ನಾನು ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿ, ಇದಕ್ಕೆ ಆಧಾರವೇನು ಎಂದು ಎಷ್ಟು ಸಲ ಅವರನ್ನು ಕಾಡಿದ್ದೇನೋ ಲೆಕ್ಕವಿಲ್ಲ. ನನ್ನ ಡ್ರೈವರಿಗೆ ಬೇಕಿದ್ದದ್ದೂ ಅಷ್ಟೇ: ಬಾಕಿ ಕೆಲಸವೆಲ್ಲ ಮುಗಿಯಿತು ಎಂದು ಕಾರ್ಡು ಹೇಳುವವರೆಗೆ ಹಳೆಯ ನಂಬರನ್ನು ಯಾರಿಗೂ ಕೊಡದಿರುವುದು. ಮೂರು ಸಾಲು. ಬರೆದು ಮುಗಿಸಿದಾಗ ನನ್ನ ಕಾಫಿ ಇನ್ನೂ ಬಿಸಿಯಾಗಿತ್ತು.

ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಅವರು, ಒಂದು ಸಲ ತಟ್ಟೆಯನ್ನೇ ಹೋಗಿ ನೋಡಬಹುದಿತ್ತಲ್ಲ ಎಂದು ಮಾತ್ರ ಅಂದರು. ನನಗೋ ತಮಗೋ, ಯಾರಿಗೆ ಹೇಳಿದರೋ ತಿಳಿಯದು. ಇದ್ದದ್ದು ಮೂವತ್ತು ಹೆಜ್ಜೆ. ದೇವರನ್ನೂ ತಾತನನ್ನೂ ಅನುಮಾನಿಸಿದವಳು ಪರದೆಯಿಂದ ತಟ್ಟೆಯವರೆಗಿನ ಮೂವತ್ತು ಹೆಜ್ಜೆ ನಡೆದಿರಲಿಲ್ಲ. ನನ್ನ ಸಂಶಯವೆಲ್ಲ ಬೇರೆಯವರ ನಂಬಿಕೆಗಳ ಮೇಲೆ ಮೇಯುತ್ತಿತ್ತು. ನನ್ನ ಸ್ವಂತ ಹೊಲಕ್ಕೆ ನಾನು ಬೇಲಿ ಹಾಕಿಕೊಂಡಿದ್ದೆ.

ಗೌರಕ್ಕನನ್ನು ಕರೆತರುತ್ತೇನೆ ಎಂದು ಬಸ್ಸು ಹತ್ತಿದೆ. ಜೊತೆಗೆ ಒಂದು ಪೊಟ್ಟಣ, ಹಿಂದಿನ ದಿನದ ಕರಟಗಳಿಂದ ತೆಗೆದ ಒಂದು ಬೊಗಸೆ ಬೀಜ. ಸೋಮವಾರಪೇಟೆ, ಶನಿವಾರಸಂತೆ ದಾಟುವವರೆಗೂ ಮಾತುಗಳನ್ನು ಜೋಡಿಸುತ್ತಲೇ ಇದ್ದೆ. ಸೋತ ಪಕ್ಷದ ಪರವಾಗಿ ನಾನು ಸಿದ್ಧಮಾಡಿದ ಅತ್ಯುತ್ತಮ ಭಾಷಣ ಅದು. ಮನೆಯ ಹೊರಗೇ ಸಿಕ್ಕ ಗೌರಕ್ಕನ ತಂಗಿ ದನಿ ತಗ್ಗಿಸಿ ಹೇಳಿದರು: ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಪೊರೆಯೂ ಇಲ್ಲ ಏನೂ ಇಲ್ಲ, ದೃಷ್ಟಿ ಚೆನ್ನಾಗಿದೆ ಎಂದರಂತೆ ಡಾಕ್ಟರು. ಅಕ್ಕ ಅದನ್ನು ನಂಬಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ನಂಬರು, ಬಾಗಿಲು, ತಡವಾಗಿ ಬಂದ ಚಿತ್ರ, ಕೆಂಪು ಅಂಚು. ತಪ್ಪು ನನ್ನದು, ನಿಮ್ಮ ತಟ್ಟೆ ಸರಿಯಾಗಿಯೇ ಇತ್ತು ಎಂದೆ. ಗೌರಕ್ಕ ಗಮನವಿಟ್ಟು ಕೇಳಿದರು, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಇರಬೌದು ಮಗಾ. ನಿನ್ ಮಿಷನ್ನು ತಪ್ಪು ಮಾಡಿರಬೌದು. ಆದ್ರೆ ನೀವು ಹೇಳಿದ ಮ್ಯಾಲೆ ನಾನೂ ನೋಡ್ದೆ ಕಣವ್ವ. ಒಳ್ಳೇದೂ ಕೆಟ್ಟದ್ದೂ ಒಂದೇ ಥರ ಕಾಣಕ್ಕೆ ಹತ್ತಿತು.”

ಕಾರ್ಡಿಗೆ ಒಂದು ಆಜ್ಞೆಯಿದೆ. ನೀನು ನೆನಪಿಟ್ಟುಕೊಂಡ ವಿಳಾಸ ಹಳತಾಯಿತು, ಮರೆತುಬಿಡು ಎಂದು ಕರ್ನಲ್ ಹೇಳಿದರೆ ಅದು ಮರೆತು, ಮರೆತೆ ಎಂದು ತಿರುಗಿ ಹೇಳುತ್ತದೆ. ಆ ಉತ್ತರ ಬರುವವರೆಗೆ ಕರ್ನಲ್ ಕಾಯುತ್ತದೆ. ಮನುಷ್ಯರ ಒಳಗೆ ನಾವು ಬರೆದುಬಿಟ್ಟದ್ದಕ್ಕೆ ಇಂಥ ಆಜ್ಞೆ ಯಾವುದು? ನಾನು ಹುಡುಕಿದೆ, ಈಗಲೂ ಹುಡುಕುತ್ತಿದ್ದೇನೆ. ಇಲ್ಲ. ಅನುಮಾನವನ್ನು ನಾನು ಬೆಳಕು ಎಂದುಕೊಂಡು ಹಂಚುತ್ತ ಬಂದಿದ್ದೆ. ಆ ಹೆಂಗಸಿನ ಕಣ್ಣು ಕೆಟ್ಟಿರಲಿಲ್ಲ, ಮೂಗು ಕೆಟ್ಟಿರಲಿಲ್ಲ. ಕೈಗೂ ಕಣ್ಣಿಗೂ ನಡುವೆ ಇದ್ದ, ಆಧಾರ ಕೇಳದ ಒಂದು ಹಾದಿಯನ್ನು ನಾನು ಒಂದು ಜಾಣ ಪ್ರಶ್ನೆಯಿಂದ ಕಡಿದುಹಾಕಿದ್ದೆ. ಆ ಪ್ರಶ್ನೆಯೇ ತಪ್ಪು ಎಂದು ಈಗ ರುಜುವಾತು ಮಾಡಿ ಏನು ಫಲ? ರುಜುವಾತು ತಲೆಗೆ ತಲುಪುತ್ತದೆ, ಕೈಗೆ ತಲುಪುವುದಿಲ್ಲ.

ಆದರೂ ಪೊಟ್ಟಣ ಬಿಚ್ಚಿ ಅವರ ಮುಂದೆ ಹರಡಿದೆ. ಗೌರಕ್ಕ ಸ್ವಲ್ಪ ಹೊತ್ತು ಕೈ ಮುಂದೆ ಮಾಡಲಿಲ್ಲ. ಆಮೇಲೆ ಬೆರಳುಗಳು ತಾವಾಗಿಯೇ ಎಂಬಂತೆ ಚಲಿಸಿದವು. ಒಂದು, ಎರಡು, ಮೂರು ಬೀಜ ಪಕ್ಕಕ್ಕೆ ಬಂದವು. ಮೂರನೆಯದನ್ನು ಮೂಸಿದರು. ನಾನು ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಅವರು ತಲೆಯೆತ್ತಿ, ಪರೀಕ್ಷೆ ಬರೆದ ಮಗು ಮೇಷ್ಟರ ಮುಖ ನೋಡುವ ಹಾಗೆ ನನ್ನ ಮುಖ ನೋಡಿದರು.

“ಸರಿಯಾ, ಮಗಾ?”

“ಸರಿಯಾಗಿದೆ, ಗೌರಕ್ಕ” ಎಂದೆ.

ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. ಆ ಮೂರು ಬೀಜಕ್ಕೂ ಉಳಿದವಕ್ಕೂ ಇದ್ದ ವ್ಯತ್ಯಾಸ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಅದನ್ನು ಕಾಣಬಲ್ಲವರು ಬೀಜ ಆರಿಸುವ ಆ ಹಾಲಿನಲ್ಲಿ ಒಬ್ಬರೇ ಇದ್ದರು, ಅವರು ಈಗ ನನ್ನನ್ನು ಕೇಳುತ್ತಿದ್ದರು. ನಾನು ಗೊತ್ತಿಲ್ಲದೆಯೇ ಸರಿ ಎಂದದ್ದು ಗೌರಕ್ಕನಿಗೆ ತಿಳಿಯಿತು ಅನ್ನಿಸುತ್ತದೆ. ಆರಿಸಿಟ್ಟಿದ್ದ ಮೂರನ್ನೂ ಮತ್ತೆ ರಾಶಿಗೆ ಸೇರಿಸಿ, ಕಾಗದವನ್ನು ನಾಲ್ಕೂ ಕಡೆಯಿಂದ ಅಚ್ಚುಕಟ್ಟಾಗಿ ಮಡಚಿ, ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದರು.