ಸಾನ್ವಿಯ ಸೊಂಟ, ನನ್ನ ರಕ್ತ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಹೀಗೆ ಹುಟ್ಟಿದವರ ಪಾಡು ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಾರಿಗೇ ಸೊಂಟ ಉಳುಕಲಿ, ಬೆನ್ನು ಹಿಡಿಯಲಿ, ಅವರು ಬಂದು ನಮ್ಮ ಮುಂದೆ ಬೋರಲು ಮಲಗುತ್ತಾರೆ. ನೋವಿದ್ದ ಜಾಗವನ್ನು ನಾವು ಕಾಲಿನಿಂದ ಮೆಲ್ಲಗೆ ಮೆಟ್ಟಬೇಕು. ನೋವು ಹೋಗುತ್ತದಂತೆ. ಇಡಗುಂಜಿ ಹತ್ತಿರದ ನಮ್ಮ ಊರಿನಲ್ಲಿ ದೊಡ್ಡವರನ್ನು ಮೆಟ್ಟಿಯೂ ಬೈಸಿಕೊಳ್ಳದ ಮಗು ಎಂದರೆ ನಾನೊಬ್ಬಳೇ. ಮೆಟ್ಟಿದ ಮೇಲೆ ಅಮ್ಮ ಅಂಗಳದಲ್ಲೇ ನನ್ನ ಕಾಲಿಗೆ ನೀರು ಹೊಯ್ಯುತ್ತಿದ್ದಳು. ಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಅವ್ರ ನೋವು ನಿಂಗೆ ಎಂತಕ್ಕೆ?" ಎನ್ನುತ್ತಿದ್ದಳು.

ಇದನ್ನು ನಾನು ಯಾವತ್ತೂ ನಂಬಿದವಳಲ್ಲ. ಉಳುಕು ಹೇಗೂ ತಾನಾಗಿ ವಾಸಿಯಾಗುತ್ತದೆ, ಹೆಸರು ಮಾತ್ರ ನನ್ನ ಕಾಲಿಗೆ ಬರುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಮುಂದೆ ಮಕ್ಕಳ ಡಾಕ್ಟರಾಗಿ ಕುಮಟೆಯಲ್ಲಿ ಸಣ್ಣ ಆಸ್ಪತ್ರೆ ತೆರೆದ ಮೇಲಂತೂ ನನ್ನ ಕಾಲಿನ ಮಹಿಮೆ ಗೆಳತಿಯರನ್ನು ನಗಿಸುವ ಕಥೆಯಾಗಿ ಉಳಿಯಿತು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಕಥೆ ಹೇಳಿ ನಗಿಸುವುದನ್ನು ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ತದಡಿಯಿಂದ ಮಾದೇವಿ ಎಂಬ ಅಜ್ಜಿ ತನ್ನ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಮಗುವಿನ ಹೆಸರು ಸಾನ್ವಿ, ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು. ತಾಯಿ ಮುರ್ಡೇಶ್ವರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದುದರಿಂದ ಮಗು ಅಜ್ಜಿಯ ಬಳಿಯೇ ಬೆಳೆಯುತ್ತಿತ್ತು. ಹಿಂದಿನ ದಿನ ಮನೆಯೆಲ್ಲ ಓಡಾಡಿಕೊಂಡಿದ್ದ ಹುಡುಗಿ ಬೆಳಗ್ಗೆ ಎದ್ದವಳು ಬಲಗಾಲು ನೆಲಕ್ಕೆ ಊರಲಿಲ್ಲ. ಮೈ ಸ್ವಲ್ಪ ಬೆಚ್ಚಗಿತ್ತು. ತೊಡೆಯನ್ನು ನಾನು ಮೆಲ್ಲಗೆ ತಿರುಗಿಸಿದ್ದೇ ತಡ, ಚೀರಿದಳು.

ಇಂಥ ಮಗುವಿನ ವಿಷಯದಲ್ಲಿ ನಮ್ಮ ಎದುರು ಎರಡು ಸಾಧ್ಯತೆ ಇರುತ್ತವೆ. ನೆಗಡಿಯ ಬೆನ್ನಿಗೆ ಸೊಂಟದ ಕೀಲಿನಲ್ಲಿ ಸ್ವಲ್ಪ ನೀರು ತುಂಬಿ, ಕೆಲವು ದಿನ ಕಾಡಿ ತಾನೇ ಇಳಿಯುವುದು ಒಂದು. ಪ್ರತಿ ಮಳೆಗಾಲ ಇಂಥವರು ಎಷ್ಟೋ ಮಂದಿ ಬರುತ್ತಾರೆ. ಇನ್ನೊಂದು ಅಪರೂಪ, ಆದರೆ ಕೆಟ್ಟದ್ದು. ರೋಗಾಣು ರಕ್ತದ ಮೂಲಕ ಕೀಲಿಗೆ ಇಳಿದು ಅಲ್ಲಿ ಕೀವು ಕಟ್ಟುತ್ತದೆ. ಆ ಕೀವನ್ನು ಬೇಗ ತೆಗೆಯದಿದ್ದರೆ ಕೀಲೇ ಹಾಳಾಗಿ ಮಗು ಜೀವಮಾನವಿಡೀ ಕುಂಟಬೇಕಾಗುತ್ತದೆ. ಮೊದಲ ದಿನ ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆಗ ನಮ್ಮ ನೆರವಿಗೆ ಬರುವುದು ರಕ್ತ ಪರೀಕ್ಷೆ. ಬಿಳಿ ರಕ್ತಕಣ ಎಷ್ಟಿವೆ, ಸಿಆರ್‌ಪಿ ಎಷ್ಟಿದೆ ಎಂದು ನೋಡುತ್ತೇವೆ. ದೇಹದೊಳಗೆ ಎಲ್ಲೋ ಉರಿಯೂತವಾದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನು ಈ ಸಿಆರ್‌ಪಿ. ಅದೊಂದೇ ತೀರ್ಪು ಕೊಡುವುದಿಲ್ಲ, ಯಾವ ಕಡೆ ಅನುಮಾನ ಪಡಬೇಕು ಎಂದು ತೋರಿಸುತ್ತದೆ.

ಸಾನ್ವಿಯ ರಕ್ತ ತೆಗೆದು ಪರೀಕ್ಷಿಸಿದವಳು ನಮ್ಮ ಲ್ಯಾಬಿನ ಫರ್ಹಾನಾ. ಭಟ್ಕಳದಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಹುಡುಗಿ, ಕೆಲಸದಲ್ಲಿ ಕಟ್ಟುನಿಟ್ಟು. ವರದಿಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಸಿಆರ್‌ಪಿ ಇರಬೇಕಾದಷ್ಟೇ ಇತ್ತು. ಸ್ಕ್ಯಾನಿಂಗ್‌ನಲ್ಲಿ ಕೀಲಿನೊಳಗೆ ಸ್ವಲ್ಪ ನೀರು ಕಂಡಿತು, ಅದು ಎರಡರಲ್ಲೂ ಇರುವಂಥದ್ದೇ. ನೋವಿನ ಔಷಧಿ ಬರೆದು, ನಾಳೆ ಮತ್ತೆ ತೋರಿಸಿ, ಜ್ವರ ಏರಿದರೆ ಕೂಡಲೇ ಬನ್ನಿ ಎಂದು ಹೇಳಿದೆ.

ಅಜ್ಜಿ ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ನೀವು ಇಡಗುಂಜಿ ಬದಿಯವ್ರಲ್ವಾ? ಕಾಲ್ ಮುಂದಾಗಿ ಹುಟ್ಟಿದ ಹುಡ್ಗಿ?" ಎಂದಳು. ಹಿಂದೊಮ್ಮೆ ಅಲ್ಲಿಯ ನೆಂಟರ ಮನೆಗೆ ಬಂದಾಗ ನನ್ನಿಂದ ಸೊಂಟ ಮೆಟ್ಟಿಸಿಕೊಂಡಿದ್ದಳಂತೆ. "ಇವ್ಳಿಗೂ ಒಂದ್ಸಲ ಮೆಟ್ಟಿ ಬಿಡಿ ಅಮ್ಮಾ. ನಿಮ್ದು ಎಂತ ಹೋತು?"

ನನಗೆ ನಗು ಬಂತು. ಹೊರಗೆ ಜನ ಕಾಯುತ್ತಿದ್ದರು. ಅಜ್ಜಿಯ ಹತ್ತಿರ ವಾದ ಮಾಡುವುದಕ್ಕಿಂತ ಮೆಟ್ಟಿ ಕಳಿಸುವುದೇ ಬೇಗ ಎನಿಸಿತು. ಮಕ್ಕಳು ಆಡಲೆಂದು ಹಾಸಿದ ಚಾಪೆಯ ಮೇಲೆ ಅವಳು ಮಗುವನ್ನು ಮಲಗಿಸಿದಳು. ನಾನು ಚಪ್ಪಲಿ ಬಿಟ್ಟು, ಬಲಗಾಲಿನ ಹೆಬ್ಬೆರಳನ್ನು ಮಗುವಿನ ಸೊಂಟಕ್ಕೆ ತಾಗಿಸಿದೆ ಅಷ್ಟೆ. ಡಾಕ್ಟರು ಕಾಲಿನಿಂದ ಪರೀಕ್ಷೆ ಮಾಡುವುದನ್ನು ಕಂಡು ಸಾನ್ವಿ ಕಿಸಕ್ಕನೆ ನಕ್ಕಳು. ಅಜ್ಜಿ ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು. ನಾನು ಚಪ್ಪಲಿ ಮೆಟ್ಟಿ ಮುಂದಿನ ಮಗುವನ್ನು ಕರೆದೆ.

ಸ್ವಲ್ಪ ಹೊತ್ತಿನಲ್ಲಿ ಕುರ್ಚಿಯಿಂದ ಏಳಹೋದರೆ ಬಲಗಡೆ ಸೊಂಟದೊಳಗೆ ಚಳಕ್ ಎಂದಿತು. ಕಾಲು ಊರಲಾಗಲಿಲ್ಲ. ಕೂಡಲೇ ಮೈಯೆಲ್ಲ ನಡುಗುವ ಚಳಿ ಬಂತು. ಗೋಡೆ ಹಿಡಿದು ನಿಂತ ನನ್ನನ್ನು ನೋಡಿ ಫರ್ಹಾನಾ ಗಾಬರಿಯಾದಳು. "ಇಲಿಜ್ವರದ ಸೀಸನ್ ಮೇಡಂ, ತಮಾಷೆ ಅಲ್ಲ" ಎಂದು ಗದರಿಸಿ ನನ್ನ ರಕ್ತ ತೆಗೆದಳು. ಆಮೇಲೆ ವರದಿ ತಂದು ನನ್ನ ಮುಂದಿಟ್ಟಳು. ನನ್ನ ಸಿಆರ್‌ಪಿ ವಿಪರೀತ ಏರಿತ್ತು. ಬೆಳಗ್ಗೆ ಉಪ್ಪಿಟ್ಟು ತಿಂದು, ಸ್ಕೂಟರ್ ಓಡಿಸಿಕೊಂಡು ಬಂದವಳ ರಕ್ತವಲ್ಲ ಅದು. ಕೀವು ಕಟ್ಟಿದ ಕೀಲಿನ ರೋಗಿಯಲ್ಲಿ ನೋಡುವಂಥ ರಕ್ತ.

ನಮ್ಮ ಕೆಲಸದಲ್ಲಿ ಇಂಥ ಹೊತ್ತಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೊಳವೆಗೆ ಅಂಟಿಸಿದ ಚೀಟಿಯನ್ನು. ನನ್ನದೂ ಸಾನ್ವಿಯದೂ ಅದಲುಬದಲಾಗಿದೆ ಎಂದೇ ನಾನು ಅಂದುಕೊಂಡೆ. ಫರ್ಹಾನಾಳಿಗೆ ಸಿಟ್ಟು ಬಂತು. "ಮಗುವಿನ ರಿಪೋರ್ಟ್ ಬಂದ ಮೇಲೆ ನಿಮ್ಮ ರಕ್ತ ತೆಗ್ದಿದ್ದು ಮೇಡಂ. ಹೇಗೆ ಬದಲಾಗ್ತದೆ?" ಎಂದಳು. ಅದೂ ನಿಜವೇ. ಆದರೂ ಎರಡೂ ಕೊಳವೆಗಳ ರಕ್ತದ ಗುಂಪು ನೋಡಿದೆವು. ನನ್ನದು ಸುಲಭಕ್ಕೆ ಸಿಗದ ನೆಗೆಟಿವ್ ಗುಂಪು, ಮಗುವಿನದು ಬೇರೆ. ಸಿಆರ್‌ಪಿ ಏರಿದ ಕೊಳವೆಯಲ್ಲಿದ್ದದ್ದು ನನ್ನ ರಕ್ತವೇ.

ಆದರೂ ನನಗೆ ಸಮಾಧಾನವಾಗಲಿಲ್ಲ. ಏನೋ ತಪ್ಪಿದೆ, ಆ ತಪ್ಪಿಗೆ ಒಂದು ಮಗುವಿನ ಕಾಲು ಬಲಿಯಾಗಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಕೂಡಲೇ ಅಜ್ಜಿಗೆ ಫೋನ್ ಮಾಡಿಸಿದೆ. ಪುಣ್ಯಕ್ಕೆ ತದಡಿಯ ಬಸ್ಸು ಮಳೆಗೆ ಗಂಟೆಗಟ್ಟಲೆ ತಡವಾಗಿ ಇನ್ನೂ ಬಂದಿರಲಿಲ್ಲ.

ಕುಂಟುತ್ತ ಬಾಗಿಲಿಗೆ ಬಂದ ನನ್ನನ್ನು ನೋಡಿ ಅಜ್ಜಿ ಕೇಳಿದ ಮೊದಲ ಮಾತು, "ಕಾಲ್ ತೊಳ್ಕಂಡ್ರಾ?"

ಇಲ್ಲ, ತೊಳೆದಿರಲಿಲ್ಲ. ಆಸ್ಪತ್ರೆಯಲ್ಲಿ ನೂರು ಸಲ ಕೈ ತೊಳೆಯುವ ನನಗೆ ಕಾಲಿನ ನೆನಪೇ ಆಗಿರಲಿಲ್ಲ. ಅಜ್ಜಿ ಬಿಡಲಿಲ್ಲ. ಹೊರಗಿನ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ ತಾನೇ ಎರಡು ಚೆಂಬು ನೀರು ಹೊಯ್ದು, "ಆತು, ಇನ್ನು ಬನ್ನಿ" ಎಂದಳು. ಒಳಗೆ ಬಂದು ಇಬ್ಬರ ರಕ್ತವನ್ನೂ ಹೊಸದಾಗಿ ತೆಗೆಸಿದೆ. ಈ ಸಲ ಫರ್ಹಾನಾ ತನ್ನ ರೈಲನ್ನೂ ಮರೆತು, ಯಂತ್ರದ ಮುಂದಿನಿಂದ ಕದಲಲಿಲ್ಲ. ಸಾನ್ವಿಯ ಸಿಆರ್‌ಪಿ ಏರಿತ್ತು, ಬಿಳಿ ರಕ್ತಕಣಗಳೂ ಏರಿದ್ದವು. ಮೈ ಸುಡುತ್ತಿತ್ತು. ನನ್ನದು ಮಾಮೂಲಿಗೆ ಇಳಿದಿತ್ತು. ಸೊಂಟದ ನೋವು ಯಾವಾಗ ಹೋಯಿತೆಂದು ನನಗೇ ತಿಳಿಯಲಿಲ್ಲ.

ಸಂಜೆಯೊಳಗೆ ಮಗುವನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದೆ. ಅಲ್ಲಿ ಕೀಲಿಗೆ ಸೂಜಿ ಹಾಕಿದಾಗ ಬಂದದ್ದು ಕೀವು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆ ಮಾಡಿ ಕೀಲನ್ನು ತೊಳೆದರು. ಅಲ್ಲಿಯ ಡಾಕ್ಟರು ಫೋನಿನಲ್ಲಿ, "ಒಳ್ಳೆ ಹೊತ್ತಿಗೆ ಕಳಿಸಿದಿರಿ. ನಾಳೆಯವರೆಗೆ ಕಾದಿದ್ದರೆ ಕೀಲು ಉಳಿಯುವುದು ಕಷ್ಟವಿತ್ತು. ಏನು ನೋಡಿ ಅನುಮಾನ ಬಂತು?" ಎಂದರು. ರಕ್ತ ಪರೀಕ್ಷೆ ನೋಡಿ ಎಂದೆ. ಯಾರ ರಕ್ತ ಎಂದು ಹೇಳಲಿಲ್ಲ.

ಮಗುವಿನ ಮಟ್ಟಿಗೆ ವಿವರಣೆ ಕೊಡಬಹುದು. ಸೋಂಕು ತೀರ ಹೊಸದಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಸಿಆರ್‌ಪಿ ಏರಿರುವುದಿಲ್ಲ, ಕೆಲವು ಗಂಟೆಗಳ ಮೇಲೆ ಏರುತ್ತದೆ. ಪುಸ್ತಕದಲ್ಲೇ ಇರುವ ಮಾತಿದು. ನನ್ನ ರಕ್ತಕ್ಕೆ ಮಾತ್ರ ಯಾವ ಪುಸ್ತಕದಲ್ಲೂ ಉತ್ತರ ಸಿಕ್ಕಿಲ್ಲ. ಅಷ್ಟು ಏರಿದ ಸಿಆರ್‌ಪಿ ಇಳಿಯಲು ದಿನಗಳೇ ಬೇಕು, ಎರಡು ಚೆಂಬು ನೀರು ಸಾಲದು. ಯಂತ್ರ ಒಮ್ಮೆ ತಪ್ಪಿರಬಹುದು ಎಂದು ಒಪ್ಪೋಣ. ಹಾಗಾದರೆ ಆ ಕುಂಟು, ಆ ಚಳಿ? ಫರ್ಹಾನಾಳನ್ನು ಕೇಳಿದರೆ, "ಅಲ್ಲಾನಿಗೆ ಗೊತ್ತು ಮೇಡಂ, ನನ್ನ ಯಂತ್ರ ಸರಿ ಇತ್ತು" ಎಂದು ಹೇಳಿ ಮಾತು ಮುಗಿಸುತ್ತಾಳೆ. ಆಮೇಲೆ ಇಂಥ ತೊಂದರೆಯ ಮತ್ತೊಂದು ಮಗು ಬಂದಾಗ, ಯಾರೂ ಕೇಳದಿದ್ದರೂ, ಕುತೂಹಲ ತಡೆಯಲಾರದೆ ನಾನೇ ಚಪ್ಪಲಿ ಬಿಟ್ಟು ಕಾಲು ತಾಗಿಸಿ ನೋಡಿದ್ದುಂಟು. ಏನೂ ಆಗಲಿಲ್ಲ.

ಹೋದ ವರ್ಷ ಶಾಲೆಗೆ ಸೇರಿದ ದಿನ ಸಾನ್ವಿ ಹೊಸ ಯೂನಿಫಾರ್ಮಿನಲ್ಲಿ ಅಜ್ಜಿಯ ಜೊತೆ ಬಂದಿದ್ದಳು. ಮೆಟ್ಟಿಲನ್ನು ಹಾರಿ ಹಾರಿ ಹತ್ತಿದ ಅವಳನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. "ಡಾಕ್ಟ್ರಮ್ಮಂಗೆ ನಮಸ್ಕಾರ ಮಾಡು" ಎಂದಳು ಅಜ್ಜಿ. ಮಗು ಬಗ್ಗಿ ನನ್ನ ಬಲಗಾಲಿಗೆ ಕೈ ಚಾಚಿತು.

ನಾನು ಥಟ್ಟನೆ ಕಾಲು ಹಿಂದೆಗೆದುಕೊಂಡೆ. ಯಾಕೆ ಎಂದು ಮಗುವಿಗೆ ತಿಳಿಯಲಿಲ್ಲ, ಅಜ್ಜಿಗೆ ತಿಳಿಯಿತು. ಅವಳು ಹೊರಗಿನ ನಲ್ಲಿಯಿಂದ ಒಂದು ಚೆಂಬು ನೀರು ತಂದಳು. ನಾನು ಕಾಲು ಮುಂದೆ ಚಾಚಿದೆ.