ಲೋಕಲ್‌ನಲ್ಲಿ ಹಳಗನ್ನಡ

"ಇಲ್ಲಿ ಯಾರಿಗಾದ್ರೂ ಹಳಗನ್ನಡ ಬರ್ತದಾ?"

ಮುಂಬಯಿಯ ಲೋಕಲ್ ರೈಲು ಕುರ್ಲಾ ದಾಟಿತ್ತು. ಲೇಡೀಸ್ ಡಬ್ಬಿಯಲ್ಲಿ ಕೇಳಿದವರು, ಮನೆಯಲ್ಲಿದ್ದ ಮಗಳಿಗೆ ಅಲ್ಲಿಯತನಕ ಫೋನಿನಲ್ಲಿ ಬೀಜಗಣಿತ ಹೇಳಿಕೊಡುತ್ತಿದ್ದ ಹೆಂಗಸು. ಲೆಕ್ಕ ಮುಗಿದು ಹಳೆಯ ಪದ್ಯವೊಂದು ಉಳಿದಿತ್ತು. ಆವತ್ತೇ ಶಾಲೆಯಲ್ಲಿ ಮಗಳು ಅದರ ಅರ್ಥ ಹೇಳಬೇಕಿತ್ತು. "ನಾನು ಕಲಿತದ್ದು ಮರಾಠಿಯಲ್ಲಿ," ಎಂದರು.

ಕಾಲೇಜಿನಲ್ಲಿ ಕನ್ನಡ ಓದಿದ್ದ ನಾನು ಕೈ ಎತ್ತಿದೆ. ಫೋನ್ ಕೈಯಿಂದ ಕೈಗೆ ದಾಟಿ ನನ್ನ ಬಳಿ ಬಂತು.

"ಆಂಟಿ, 'ಪೊರಮಟ್ಟಂ' ಅಂದ್ರೆ ಏನು?"

"ಹೊರಟನು ಅಂತ. ಮುಂದಿನ ಸಾಲು ಓದು."

ಸಾಲು ಸಾಲಾಗಿ ಅರ್ಥ ಹೇಳುವಷ್ಟರಲ್ಲಿ ನಾನಿಳಿಯಬೇಕಿದ್ದ ಬೈಕುಲ್ಲಾ ಸ್ಟೇಷನ್ ದಾಟಿಹೋಯಿತು. "ಚಲೋ ಹೇಳಿದ್ರಿ ನೋಡ್ರಿ," ಎಂದರು ಪಕ್ಕದಲ್ಲಿದ್ದ, ದಿನವೂ ಇದೇ ಡಬ್ಬಿಯಲ್ಲಿ ಬರುವ ಶಬಾನಾ. ಅವರಿಗೂ ಕನ್ನಡ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ; ವರ್ಷಗಳಿಂದ ನಾವಿಬ್ಬರೂ ಹಿಂದಿಯಲ್ಲೇ ಮಾತಾಡುತ್ತಿದ್ದೆವು.

ಈಗ ಆ ತಾಯಿ, ಶಬಾನಾ, ನಾನು ಮೂವರೂ ಲೋಕಲ್‌ನಲ್ಲಿ ಒಬ್ಬರಿಗೊಬ್ಬರು ಜಾಗ ಹಿಡಿಯುತ್ತೇವೆ. ಮಾತೂ ಜಗಳವೂ ಕನ್ನಡದಲ್ಲೇ.