ಪೆಟ್ಟಿಗೆ ಮೇಲೆ ಯಾರ ಹೆಸರು?

‘ಸಾ, ನಾನಿನ್ನೂ ಬದ್ಕಿವ್ನಿ!’

ಹೊಳೆನರಸೀಪುರದ ಹಾರ್ಡ್‌ವೇರ್ ಅಂಗಡಿ ಯಜಮಾನರು ಕೆಂಡ ಮುಟ್ಟಿದವರಂತೆ ನಮ್ಮ ಕರಪತ್ರವನ್ನು ವಾಪಸ್ ನನ್ನ ಕೈಗೇ ಇಟ್ಟರು. ಈ ಪುಣ್ಯಾತ್ಮರು ಶಾಲೆಗೆ ಫ್ಯಾನ್ ಕೊಟ್ಟವರು, ಪಾರ್ಕಿಗೆ ಕಲ್ಲುಬೆಂಚು ಕೊಟ್ಟವರು. (ಅಲ್ಲಿ ಕೂತರೆ ಅವರ ಹೆಸರಿಗೇ ಒರಗಬೇಕು.)

ತಪ್ಪು ನನ್ನದೇ. ಅರಕಲಗೂಡಿನಲ್ಲಿ ನಾವು ಐದು ಜನ ಸೇರಿ ಒಂದು ಪುಟ್ಟ ಟ್ರಸ್ಟ್ ನಡೆಸುತ್ತೇವೆ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ, ದೂರದವರು ಬರುವ ತನಕ ದೇಹ ಇಡುವ ಫ್ರೀಜರ್ ಬಾಕ್ಸ್ ಹಾಸನದಿಂದಲೇ ಬರಬೇಕು. ನಮ್ಮದೇ ಒಂದಿರಲಿ, ಬಿಟ್ಟಿಯಾಗಿ ಕಳಿಸೋಣ ಅಂತ ಆಸೆ. ಕರಪತ್ರ ಬರೆಯುವ ಕೆಲಸ ನನಗೆ ಬಿತ್ತು. ಅಭ್ಯಾಸಬಲ ನೋಡಿ, ಕೊನೆಯಲ್ಲಿ ಬರೆದುಬಿಟ್ಟೆ: ‘ದಾನಿಗಳ ಹೆಸರನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲಾಗುವುದು.’

ಹೆಣದ ಪೆಟ್ಟಿಗೆ ಮೇಲೆ ಹೆಸರು ಯಾರಿಗೆ ಬೇಕು ಸ್ವಾಮಿ?

ಸರಿ, ಹೆಸರು ಹಾಕಲ್ಲ, ಕೊಡಿ ಅಂದೆ. ‘ಎಸ್ರೇ ಇಲ್ದಿದ್ರೆ ನಾನು ಕೊಟ್ಟಿವ್ನಿ ಅಂತ ಗೊತ್ತಾಗೋದೆಂಗೆ ಸಾ?’ ಅಂದರು. ಚನ್ನರಾಯಪಟ್ಟಣದಲ್ಲಿ ಆಗಲೇ ದುಡ್ಡು ಕೊಟ್ಟಿದ್ದ ಮೇಷ್ಟ್ರೊಬ್ಬರ ಹೆಂಡತಿ ಫೋನ್ ಮಾಡಿ, ‘ದುಡ್ಡು ಇಟ್ಕಳಿ, ನಮ್ಮೆಜಮಾನ್ರ ಹೆಸ್ರು ಮಾತ್ರ ಈಗ್ಲೇ ತೆಗೀರಿ’ ಎಂದರು.

ಸೋತು ಸುಣ್ಣವಾಗಿ ಕೊಣನೂರು ಸಂತೆಯಲ್ಲಿ ಕೂತಿದ್ದೆ. ಪಕ್ಕದಲ್ಲಿ ವೀಳ್ಯದೆಲೆ ಮಾರುತ್ತಿದ್ದ ನಿಂಗಮ್ಮ, ‘ಏನ್ ಚೀಟಿಯಪ್ಪ ಅದು, ಓದು’ ಅಂದಳು. ಓದಿದೆ. ಅವಳು ಕೈಲಿದ್ದ ಎಲೆ ಕಟ್ಟು ಕೆಳಗಿಟ್ಟಳು.

‘ಓದ ಬ್ಯಾಸ್ಗೇಲಿ ನಮ್ಮನೆಯೋರು ತೀರ್ಕಂಡ್ರು. ಮಗ್ಳು ಬಾಂಬೆಯಿಂದ ಬರ್ಬೇಕಿತ್ತು. ಐಸ್ ಕರಗೋಯ್ತು, ಜನ ಕಾಯ್ನಿಲ್ಲ. ಅಪ್ಪನ ಮಕ ನೋಡ್ನಿಲ್ಲ ಕಣಪ್ಪ ಅವ್ಳು.’

ಅವಳು ಎಲೆ ಅಡಿಕೆ ಚೀಲದಿಂದ ಮಡಿಸಿದ್ದ ನೋಟೊಂದನ್ನು ತೆಗೆದು ಕೊಟ್ಟಳು. ಚಾಳಿ ಬಿಡಬೇಕಲ್ಲ, ‘ಹೆಸರು ಏನಂತ ಬರೆಸಲಮ್ಮ?’ ಅಂತ ಕೇಳಿದೆ.

‘ನನ್ನೆಸ್ರು ತಕಂಡು ಯಾರ್ಗೇನಾಗ್ಬೇಕು? ನಿಮ್ ಫೋನ್ ನಂಬರ್ ಬರ್ಸು, ದಪ್ಪಕೆ. ಸಾವಿನ ಮನೇಲಿ ಯಾರ್ಗೆ ಫೋನ್ ಮಾಡ್ಬೇಕು ಅಂತ್ಲೇ ಗೊತ್ತಾಗಕಿಲ್ಲ.’

ನಾಚಿಕೆಯಾಯಿತು. ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ನಾವು ಎರಡು ಮೀಟಿಂಗ್ ಮಾಡಿದ್ದೆವು. ಫೋನ್ ನಂಬರ್ ಒಬ್ಬರಿಗೂ ಹೊಳೆದಿರಲಿಲ್ಲ!

ಆಮೇಲೆ ಕರಪತ್ರ ಮೂಲೆಗಿಟ್ಟು, ಹೋದಲ್ಲೆಲ್ಲ ನಿಂಗಮ್ಮನ ಮಗಳ ಕತೆ ಹೇಳಿದೆ. ಪ್ರತಿ ಮನೆಯಲ್ಲೂ ಅಂಥದೇ ಒಂದು ಸಂಕಟವಿತ್ತು. ಮೊದಲು ಮಾತು ಬಂತು, ಹಿಂದೆಯೇ ದುಡ್ಡೂ ಬಂತು. ಹಾರ್ಡ್‌ವೇರ್ ಯಜಮಾನರೂ ಕೊಟ್ಟರು, ‘ಯಾರ್ಗೂ ಯೋಳ್ಬೇಡಿ ಸಾ’ ಅಂತ. (ಹೇಳಿಲ್ಲ, ಬರೆದಿದ್ದೇನೆ ಅಷ್ಟೇ.)

ಈಗ ಪೆಟ್ಟಿಗೆ ಬಂದಿದೆ. ಮೇಲೆ ನನ್ನ ಮೊಬೈಲ್ ನಂಬರು. ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರೆ: ‘ಏನಿಲ್ಲ ಸಾ, ನಮ್ಮನೇಲಿ ಎಲ್ರೂ ಚೆನ್ನಾಗವ್ರೆ. ಎತ್ತೀರೋ ಇಲ್ವೋ ನೋಡಾಣ ಅಂತ.’

ಸಿಟ್ಟು ಮಾಡಿಕೊಳ್ಳಲಿ ಹೇಗೆ? ದುಡ್ಡು ಕೇಳಲು ಹತ್ತು ಸಲ ಫೋನ್ ಮಾಡಿದವನು, ಅವರು ಮಾಡಿದಾಗ ಒಂದು ಸಲವಾದರೂ ಎತ್ತಬೇಡವೇ?